ಒಂದೇ ಮೂಲಿಕೆ, ಬೇರೆ ಬೇರೆ ಮೈಗುಣ

ಪಾರ್ಥೇನಿಯಂ ಕಳೆ ಕೀಳಲು ಹತ್ತು ಆಳುಗಳು ಹೊಲಕ್ಕೆ ಇಳಿದರೆಂದು ಇಟ್ಟುಕೊಳ್ಳೋಣ. ಹತ್ತೂ ಮಂದಿ ಮುಟ್ಟುವುದು ಅದೇ ಗಿಡವನ್ನು, ಕೆಲಸ ಮಾಡುವುದು ಅದೇ ಬಿಸಿಲಿನಲ್ಲಿ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಒಬ್ಬನಿಗೆ ಮಾತ್ರ ಕೈ, ಕುತ್ತಿಗೆಗಳಲ್ಲಿ ನವೆ ಎದ್ದು, ಕಣ್ಣಿನ ರೆಪ್ಪೆ ಊದಿಕೊಳ್ಳುತ್ತದೆ. ಅವನಿಗೂ ಮೊದಲ ದಿನವೇ ಹೀಗಾಗಿರುವುದಿಲ್ಲ. ಹಲವು ಸಲ ಮುಟ್ಟಿದ ಮೇಲೆ ಅವನ ಮೈ ಆ ಗಿಡವನ್ನು ಶತ್ರುವೆಂದು ಗುರುತಿಟ್ಟುಕೊಂಡಿರುತ್ತದೆ. ಇದನ್ನು ನೋಡಿದ ಯಾವ ರೈತನೂ 'ಉಳಿದವರಿಗೆ ಏನೂ ಆಗಿಲ್ಲ, ಇವನದು ಸುಳ್ಳು' ಎಂದು ಹೇಳುವುದಿಲ್ಲ. 'ಅವನ ಮೈಗೆ ಅದು ಆಗುವುದಿಲ್ಲ' ಎನ್ನುತ್ತಾನೆ.

ಚರ್ಮದ ವಿಷಯದಲ್ಲಿ ನಾವು ಸುಲಭವಾಗಿ ಒಪ್ಪುವ ಈ ಮಾತನ್ನು ಹೊಟ್ಟೆಗೆ ತೆಗೆದುಕೊಳ್ಳುವ ಮೂಲಿಕೆಗಳ ವಿಷಯದಲ್ಲಿ ಮರೆಯುತ್ತೇವೆ. ಎಲ್ಲರೂ ಲಿವರ್ ಎಂದು ಕರೆಯುವ ಯಕೃತ್ತಿನಲ್ಲಿಯೂ ಇಂತಹದೇ ಕ್ರಿಯೆ ನಡೆಯಬಲ್ಲದು. ಅದು ಹೊರಗೆ ಕಾಣುವುದಿಲ್ಲವಾದುದರಿಂದ ತಿಳಿಯುವುದು ತಡವಾಗುತ್ತದೆ. ಅರಿಶಿನ, ಅಶ್ವಗಂಧ, ಅಮೃತಬಳ್ಳಿ, ಉಪ್ಪಾಗೆ ಮೊದಲಾದವನ್ನು ಬೆಳೆಯುವವರೂ ನಾವೇ, ಬಳಸುವವರೂ ನಾವೇ. ಆದುದರಿಂದ ಈ ವಿಷಯವನ್ನು ರೈತರು ಅರಿತಿರುವುದು ಅಗತ್ಯ.

ಎರಡು ಬಗೆಯ ಹಾನಿ

ಸಸ್ಯಗಳಿಂದ ಯಕೃತ್ತಿಗೆ ಆಗುವ ಹಾನಿಯಲ್ಲಿ ಎರಡು ಬಗೆಗಳಿವೆ. ಮೊದಲನೆಯದು ನೇರವಾದ ವಿಷ. ಇದಕ್ಕೆ ನಮ್ಮ ದೇಶದಲ್ಲಿಯೇ ಉದಾಹರಣೆಯಿದೆ. 1975 ರಲ್ಲಿ ಆಗಿನ ಮಧ್ಯಪ್ರದೇಶಕ್ಕೆ ಸೇರಿದ್ದ ಸರ್ಗುಜಾ ಜಿಲ್ಲೆಯ ಹಳ್ಳಿಗಳಲ್ಲಿ ಹೊಟ್ಟೆ ಊದುವ ರೋಗವೊಂದು ಹರಡಿತು. ಪರೀಕ್ಷಿಸಿದ 67 ರೋಗಿಗಳ ಪೈಕಿ 28 ಮಂದಿ ತೀರಿಕೊಂಡರು. ಅವರು ಉಣ್ಣುತ್ತಿದ್ದ ಸಾಮೆಯಲ್ಲಿ ಕ್ರೊಟಲೇರಿಯ ಎಂಬ ಕಳೆಯ ಬೀಜ ಬೆರೆತಿತ್ತು. ಹಸಿರೆಲೆ ಗೊಬ್ಬರಕ್ಕೆ ನಾವು ಬಿತ್ತುವ ಸೆಣಬಿನ ಕುಲದ್ದೇ ಆದ ಈ ಕಳೆಯ ಬೀಜದಲ್ಲಿರುವ ಕ್ಷಾರಾಭಗಳು ಯಕೃತ್ತಿನ ರಕ್ತನಾಳಗಳನ್ನು ಮುಚ್ಚುತ್ತವೆ. ಇಂತಹ ವಿಷ ಹೆಚ್ಚು ತಿಂದವರಿಗೆ ಹೆಚ್ಚು, ಕಡಿಮೆ ತಿಂದವರಿಗೆ ಕಡಿಮೆ ಹಾನಿ ಮಾಡುತ್ತದೆ. ಪ್ರಮಾಣ ಸಾಕಷ್ಟಾದರೆ ಯಾರನ್ನೂ ಬಿಡುವುದಿಲ್ಲ.

ಎರಡನೆಯದು ವ್ಯಕ್ತಿಯ ಮೈಗುಣವನ್ನು ಅವಲಂಬಿಸಿದ ಹಾನಿ. ಇಲ್ಲಿ ಮೂಲಿಕೆ ಸಾವಿರಾರು ಜನರಿಗೆ ಏನೂ ಮಾಡದೆ, ಎಲ್ಲೋ ಒಬ್ಬರ ಯಕೃತ್ತನ್ನು ಕೆಡಿಸುತ್ತದೆ. ಪ್ರಮಾಣ ಮಾತ್ರದಿಂದ ಇದನ್ನು ಊಹಿಸಲು ಬರುವುದಿಲ್ಲ. ಸೇವನೆ ಆರಂಭಿಸಿದ ಕೆಲವು ವಾರಗಳಿಂದ ಕೆಲವು ತಿಂಗಳ ನಂತರ ಲಕ್ಷಣಗಳು ಕಾಣಿಸುತ್ತವೆ. 'ಒಂದು ತಿಂಗಳಿಂದ ಕುಡಿಯುತ್ತಿದ್ದೇನೆ, ಏನೂ ಆಗಿಲ್ಲ' ಎಂಬ ಮಾತು ಆದುದರಿಂದ ಭರವಸೆಗೆ ಸಾಲದು.

ಅಮೃತಬಳ್ಳಿಯ ಅನುಭವ

2020 ರಲ್ಲಿ ಕೋವಿಡ್ ಬಂದಾಗ ಅಮೃತಬಳ್ಳಿಯ ಕಷಾಯ ಮನೆಮನೆಯ ಪಾನೀಯವಾಯಿತು. ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಮುಂಬಯಿಯ ವೈದ್ಯರು ಇದನ್ನು ಸೇವಿಸಿ ಕಾಮಾಲೆಯಿಂದ ಬಂದ 6 ರೋಗಿಗಳನ್ನು ಕಂಡು, 2021 ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯವು ಇದಕ್ಕೆ ಆಕ್ಷೇಪಣೆ ಎತ್ತಿ, ರೋಗಿಗಳು ಸೇವಿಸಿದ ಬಳ್ಳಿ ನಿಜವಾದ ಅಮೃತಬಳ್ಳಿಯೇ, ಅದನ್ನು ಹೋಲುವ ಬೇರೆ ಜಾತಿಯೇ ಎಂದು ಕೇಳಿತು. 2022 ರಲ್ಲಿ ದೇಶದ 13 ಕೇಂದ್ರಗಳಿಂದ 43 ರೋಗಿಗಳ ವಿವರ ಪ್ರಕಟವಾಯಿತು. ಸೇವನೆ ಆರಂಭಿಸಿದ ಸುಮಾರು 46 ದಿನಗಳ ಸುಮಾರಿಗೆ ಇವರಲ್ಲಿ ಲಕ್ಷಣಗಳು ಕಂಡುಬಂದಿದ್ದವು. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಯಕೃತ್ತಿನ ಮೇಲೆ ತಿರುಗಿಬಿದ್ದ ಚಿಹ್ನೆಗಳು ಹಲವರಲ್ಲಿದ್ದವು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ರೋಗನಿರೋಧಕ ಶಕ್ತಿಯನ್ನು ಕೆರಳಿಸುತ್ತದೆ ಎಂಬ ಕಾರಣಕ್ಕೇ ಜನ ಈ ಬಳ್ಳಿಯನ್ನು ಬಳಸಿದರು. ಆ ಶಕ್ತಿ ಮೊದಲೇ ದಾರಿ ತಪ್ಪುವ ಸ್ವಭಾವದ್ದಾಗಿದ್ದರೆ ಅದನ್ನು ಇನ್ನಷ್ಟು ಕೆರಳಿಸುವುದು ಅಪಾಯವೇ ಸರಿ. ಬಹುಪಾಲು ಜನರಿಗೆ ತೊಂದರೆಯಾಗದ ಕಷಾಯ ಅಂತಹ ಮೈಗುಣದವರಿಗೆ ತೊಂದರೆ ಕೊಟ್ಟದ್ದು ಹೀಗೆ.

ಅರಿಶಿನ: ಸಾರಿನಲ್ಲಿ ಮತ್ತು ಗುಳಿಗೆಯಲ್ಲಿ

ತರಬೇತಿಗೆ ಬರುವ ಬೆಳೆಗಾರರು 'ಹಾಗಾದರೆ ನಾವು ಬೆಳೆಯುವ ಅರಿಶಿನ ವಿಷವೇ?' ಎಂದು ಕೇಳುವುದುಂಟು. ಅಲ್ಲ. ಆದರೆ ಸಾರಿಗೆ ಹಾಕುವ ಅರಿಶಿನವೂ ಗುಳಿಗೆಯ ಅರಿಶಿನವೂ ಒಂದೇ ಅಲ್ಲ. ಇದಕ್ಕೆ ಸಣ್ಣ ಲೆಕ್ಕವೊಂದನ್ನು ಮಾಡಿ ನೋಡೋಣ.

ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಎಂಬ ಹಳದಿ ಅಂಶ ಶೇಕಡ 3 ಎಂದು ಹಿಡಿಯೋಣ. ಒಬ್ಬರು ಅಡುಗೆಯ ಮೂಲಕ ದಿನಕ್ಕೆ 2 ಗ್ರಾಂ ಪುಡಿ ತಿಂದರೆ ದೊರೆಯುವುದು 60 ಮಿಲಿಗ್ರಾಂ ಕರ್ಕ್ಯುಮಿನ್. 500 ಮಿಲಿಗ್ರಾಂ ಕರ್ಕ್ಯುಮಿನ್ ಇರುವ ಒಂದು ಗುಳಿಗೆಯು ಸುಮಾರು 16 ರಿಂದ 17 ಗ್ರಾಂ ಪುಡಿಗೆ ಸಮ. ದಿನಕ್ಕೆ ಎರಡು ಗುಳಿಗೆಯಾದರೆ 33 ಗ್ರಾಂ. ಇಷ್ಟು ಅರಿಶಿನವನ್ನು ನಮ್ಮ ಹಿರಿಯರು ಯಾರೂ ದಿನವೂ ತಿಂದವರಲ್ಲ.

ಇದಲ್ಲದೆ, ಬರಿಯ ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998 ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜೊತೆಗೆ ಕರಿಮೆಣಸಿನ ಸಾರವಾದ ಪೈಪರೀನನ್ನು 20 ಮಿಲಿಗ್ರಾಂ ಕೊಟ್ಟಾಗ, ಮನುಷ್ಯರಲ್ಲಿ ಈ ಹೀರಿಕೆ ಶೇಕಡ 2000 ದಷ್ಟು ಹೆಚ್ಚಿತು. ಈ ಕಾರಣದಿಂದಲೇ ಅನೇಕ ಗುಳಿಗೆಗಳಲ್ಲಿ ಪೈಪರೀನ್ ಸೇರಿಸುತ್ತಾರೆ. ಗುಣವನ್ನು ಹೆಚ್ಚಿಸುವ ಉಪಾಯವೇ ಆಗದ ಮೈಗೆ ಹೊರೆಯನ್ನೂ ಹೆಚ್ಚಿಸಬಹುದು.

ಅಮೆರಿಕದಲ್ಲಿ ಔಷಧಿಗಳಿಂದಾಗುವ ಯಕೃತ್ತಿನ ಹಾನಿಯನ್ನು ದಾಖಲಿಸುವ ಆಸ್ಪತ್ರೆಗಳ ಜಾಲವೊಂದಿದೆ. 2004 ರಿಂದ 2022 ರವರೆಗೆ ಅದು ಅರಿಶಿನದಿಂದಾದ 10 ಪ್ರಕರಣಗಳನ್ನು ಗುರುತಿಸಿತು. 5 ಮಂದಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು, ಒಬ್ಬರು ತೀರಿಕೊಂಡರು. ಕಲಬೆರಕೆಯಿಂದಾಗಿರಬೇಕು ಎಂದು ಅನಿಸುವುದು ಸಹಜ. ಆದರೆ ಪರೀಕ್ಷೆಗೆ ದೊರೆತ 7 ಮಾದರಿಗಳಲ್ಲಿಯೂ ಅರಿಶಿನವೇ ಇತ್ತು, 3 ರಲ್ಲಿ ಪೈಪರೀನ್ ಸಹ ಇತ್ತು.

ಒಬ್ಬರಿಗೇ ಏಕೆ?

ಆ 10 ಮಂದಿಯ ಪೈಕಿ 7 ಮಂದಿಯಲ್ಲಿ ಎಚ್‌ಎಲ್‌ಎ-ಬಿ 35:01 ಎಂಬ ಒಂದೇ ಅನುವಂಶಿಕ ಗುರುತು ಕಂಡುಬಂದಿತು. ಗ್ರೀನ್ ಟೀ ಸಾರದ ಗುಳಿಗೆಗಳಿಂದ ಯಕೃತ್ತು ಕೆಟ್ಟವರಲ್ಲಿ ಶೇಕಡ 72 ಮಂದಿಗೆ ಇದೇ ಗುರುತು ಇತ್ತು. ಬೇರೆ ಔಷಧಿಗಳಿಂದ ಹಾನಿಗೊಂಡವರಲ್ಲಿ ಇದು ಶೇಕಡ 12 ರಷ್ಟು ಮಾತ್ರ. ಮೈ ಇಳಿಸಲು ಮಾರುವ ಗಾರ್ಸೀನಿಯ ಗುಳಿಗೆ, ಅಂದರೆ ನಮ್ಮ ಮಲೆನಾಡಿನ ಉಪ್ಪಾಗೆಯ ಸಾರ, ಸೇವಿಸಿ ಹಾನಿಗೊಂಡವರಲ್ಲಿಯೂ ಈ ಗುರುತು ಹೆಚ್ಚಾಗಿ ಕಂಡುಬಂದಿದೆ.

ಇದು ಕೆಲಸ ಮಾಡುವ ಬಗೆಯನ್ನು ಮಾರುಕಟ್ಟೆಯ ಉದಾಹರಣೆಯಿಂದ ತಿಳಿಯಬಹುದು. ಎಪಿಎಂಸಿಯಲ್ಲಿ ದಲ್ಲಾಳಿಯು ಚೀಲದಿಂದ ಒಂದು ಹಿಡಿ ಕಾಳನ್ನು ತೆಗೆದು ಖರೀದಿದಾರನಿಗೆ ತೋರಿಸುತ್ತಾನೆ. ಅವನು ಚೀಲದ ಒಳಗನ್ನು ನೋಡುವುದಿಲ್ಲ, ಮಾದರಿಯನ್ನು ನೋಡಿ ತೀರ್ಮಾನಿಸುತ್ತಾನೆ. ನಮ್ಮ ಜೀವಕೋಶಗಳ ಮೇಲಿರುವ ಎಚ್‌ಎಲ್‌ಎ ಎಂಬ ಸಸಾರಜನಕಗಳು ದಲ್ಲಾಳಿಗಳಿದ್ದಂತೆ. ಕೋಶದ ಒಳಗಿನ ವಸ್ತುವಿನ ತುಣುಕನ್ನು ಹೊರಗೆ ಹಿಡಿದು ರಕ್ಷಣಾ ಕಣಗಳಿಗೆ ತೋರಿಸುತ್ತವೆ. ಇವುಗಳ ಆಕಾರ ತಂದೆತಾಯಿಗಳಿಂದ ಬಂದದ್ದು, ಒಬ್ಬರದು ಇನ್ನೊಬ್ಬರಂತೆ ಇರುವುದಿಲ್ಲ. ಮೂಲಿಕೆಯ ಅಂಶ ಅಂಟಿಕೊಂಡ ತುಣುಕನ್ನು ಕೆಲವರ ಎಚ್‌ಎಲ್‌ಎ ಎದ್ದುಕಾಣುವಂತೆ ಹಿಡಿಯುತ್ತದೆ. ರಕ್ಷಣಾ ಕಣಗಳು ಅದನ್ನು ಪರಕೀಯವೆಂದು ಬಗೆದು ಆ ಕೋಶವನ್ನೇ ನಾಶಮಾಡುತ್ತವೆ. ಮೂಲಿಕೆಯ ಅಂಶಗಳು ರೂಪಾಂತರಗೊಳ್ಳುವ ಮುಖ್ಯ ಸ್ಥಳ ಯಕೃತ್ತು. ಆದುದರಿಂದ ಪೆಟ್ಟು ಬೀಳುವುದೂ ಅದಕ್ಕೇ.

ಹಾಗೆಂದು ಎಲ್ಲರೂ ಈ ಗುರುತಿನ ಪರೀಕ್ಷೆ ಮಾಡಿಸಬೇಕಾಗಿಲ್ಲ. ಗುರುತು ಇರುವವರಲ್ಲಿಯೂ ಹೆಚ್ಚಿನವರಿಗೆ ಹಾನಿಯಾಗುವುದಿಲ್ಲ, ಗುರುತು ಇಲ್ಲದ ಕೆಲವರಿಗೂ ಆಗಿದೆ. ಯಾರಿಗೆ ಆಗುತ್ತದೆಂದು ಮುಂದಾಗಿ ಹೇಳಲು ಬರುವುದಿಲ್ಲವಾದ್ದರಿಂದ, ಆರಂಭದಲ್ಲಿಯೇ ಗುರುತಿಸುವುದೇ ನಮ್ಮ ಕೈಯಲ್ಲಿರುವ ಉಪಾಯ.

ಲಕ್ಷಣಗಳು ಮತ್ತು ಮಾಡಬೇಕಾದುದು

ಕಾರಣವಿಲ್ಲದ ದಣಿವು, ಹಸಿವಿಲ್ಲದಿರುವುದು, ವಾಕರಿಕೆ, ಬಲಪಕ್ಕೆಯ ಕೆಳಗೆ ನೋವು, ಮೈ ನವೆ, ಮೂತ್ರ ಕಡು ಬಣ್ಣಕ್ಕೆ ತಿರುಗುವುದು, ಕೊನೆಗೆ ಕಣ್ಣು ಹಳದಿಯಾಗುವುದು ಮುಖ್ಯ ಲಕ್ಷಣಗಳು. ಇಂತಹ ಸಮಯದಲ್ಲಿ ಈ ಕೆಳಗಿನ ಕ್ರಮಗಳನ್ನು ಅನುಸರಿಸಬೇಕು.

1. ಸೇವಿಸುತ್ತಿರುವ ಎಲ್ಲ ಮೂಲಿಕೆ, ಚೂರ್ಣ, ಕಷಾಯ, ಗುಳಿಗೆಗಳನ್ನು ಅಂದೇ ನಿಲ್ಲಿಸಬೇಕು. ವೈದ್ಯರು ಬರೆದುಕೊಟ್ಟ ಔಷಧಿಗಳಿದ್ದರೆ ಅವರನ್ನು ಕೇಳಿ ಮುಂದುವರಿಯಬೇಕು.

2. ಆಸ್ಪತ್ರೆಗೆ ಹೋಗಿ ಎಸ್‌ಜಿಪಿಟಿ, ಬಿಲಿರುಬಿನ್ ಹಾಗೂ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗಳನ್ನು ಮಾಡಿಸಬೇಕು. ಯಕೃತ್ತಿನ ಕೋಶಗಳು ಕೆಟ್ಟು ಕಾಮಾಲೆಯೂ ಕಾಣಿಸಿಕೊಂಡವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರ ಪ್ರಾಣಕ್ಕೆ ಅಪಾಯವಿದೆ. ಮಾತು ತಡವರಿಸಿದರೆ, ಮಂಪರು ಕವಿದರೆ ಒಂದು ಗಳಿಗೆಯೂ ತಡಮಾಡಬಾರದು.

3. ತೆಗೆದುಕೊಂಡ ಮೂಲಿಕೆಯನ್ನು, ಅದರ ಡಬ್ಬಿ ಅಥವಾ ಬಳ್ಳಿಯ ತುಂಡಿನೊಡನೆ, ವೈದ್ಯರಿಗೆ ತೋರಿಸಬೇಕು. ಬೈಗುಳಕ್ಕೆ ಹೆದರಿ ಮುಚ್ಚಿಡಬಾರದು.

4. ಕಾಮಾಲೆಗೆಂದು ಇನ್ನೊಂದು ಸೊಪ್ಪಿನ ರಸ ಕುಡಿಯಬಾರದು. ಮೂಲಿಕೆಯಿಂದ ಬಂದ ಕಾಮಾಲೆಗೆ ಮತ್ತೊಂದು ಮೂಲಿಕೆ ಸೇರಿದರೆ ಕಾರಣವೂ ತಿಳಿಯದು, ಹೊರೆಯೂ ಇಳಿಯದು. ಹಳ್ಳಿಗಳಲ್ಲಿ ಹೆಚ್ಚು ದಿನ ವ್ಯರ್ಥವಾಗುವುದು ಇಲ್ಲಿಯೇ.

5. ಗುಣವಾದ ಮೇಲೆ ಅದೇ ಮೂಲಿಕೆಯನ್ನು 'ಸ್ವಲ್ಪ ನೋಡೋಣ' ಎಂದು ಮತ್ತೆ ತೆಗೆದುಕೊಳ್ಳಬಾರದು. ಎರಡನೆಯ ಸಲದ ಹಾನಿ ಬೇಗ ಬರುತ್ತದೆ, ಹೆಚ್ಚು ತೀವ್ರವಾಗಿಯೂ ಇರಬಹುದು.

ಸಕಾಲದಲ್ಲಿ ನಿಲ್ಲಿಸಿದರೆ ಹೆಚ್ಚಿನವರು ಕೆಲವು ವಾರ ಅಥವಾ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಮೊದಲೇ ಯಕೃತ್ತಿನ ರೋಗವಿರುವವರಿಗೆ, ಮದ್ಯಪಾನದ ಚಟವಿರುವವರಿಗೆ ಬಿದ್ದ ಪೆಟ್ಟನ್ನು ತಡೆದುಕೊಳ್ಳುವ ಶಕ್ತಿ ಕಡಿಮೆ. ಅಂತಹವರು ವೈದ್ಯರನ್ನು ಕೇಳದೆ ಯಾವ ಸಾರವನ್ನೂ ತೆಗೆದುಕೊಳ್ಳದಿರುವುದು ಕ್ಷೇಮ.

ಬೆಳೆಗಾರರ ಹೊಣೆ

ಮೂಲಿಕೆ ಬೆಳೆಯುವವರು ಜಾತಿಯನ್ನು ಖಚಿತಪಡಿಸಿಕೊಂಡು ನಾಟಿ ಮಾಡಬೇಕು. ಅಮೃತಬಳ್ಳಿಯ ವಿಷಯದಲ್ಲಿ ಎದ್ದ ಪ್ರಶ್ನೆ ಇದಕ್ಕೆ ಪಾಠ. ಒಕ್ಕಣೆ, ಒಣಗಿಸುವಿಕೆಗಳಲ್ಲಿ ಕಳೆಯ ಬೀಜ, ಬೇರೆ ಸೊಪ್ಪು ಬೆರೆಯದಂತೆ ನೋಡಿಕೊಳ್ಳಬೇಕು. ಸ್ವಸಹಾಯ ಸಂಘಗಳು ಚೂರ್ಣ ಮಾಡಿ ಮಾರುವಾಗ ಅದರಲ್ಲಿರುವ ಎಲ್ಲ ಪದಾರ್ಥಗಳ ಹೆಸರನ್ನೂ ಪ್ರಮಾಣವನ್ನೂ ಚೀಟಿಯಲ್ಲಿ ಬರೆಯಬೇಕು. 'ಯಾವ ಅಡ್ಡ ಪರಿಣಾಮವೂ ಇಲ್ಲ' ಎಂದು ಬರೆಯಬಾರದು. ವಿಸ್ತರಣಾ ಕಾರ್ಯಕರ್ತರು ಔಷಧಿ ಸಸ್ಯಗಳ ತರಬೇತಿಯಲ್ಲಿ ಬೇಸಾಯದ ಪಾಠದೊಡನೆ ಮೇಲಿನ ಐದು ಕ್ರಮಗಳನ್ನೂ ತಿಳಿಸಬೇಕು.

ಸಾರಿಗೆ ಅರಿಶಿನ ಹಾಕುವುದನ್ನು, ಮೀನಿನ ಪದಾರ್ಥಕ್ಕೆ ಉಪ್ಪಾಗೆಯ ಹುಳಿ ಹಿಂಡುವುದನ್ನು ಯಾರೂ ಬಿಡಬೇಕಾಗಿಲ್ಲ. ಆದರೆ ಮೂಲಿಕೆಯನ್ನು ಔಷಧಿಯಂತೆ ದಿನವೂ ತೆಗೆದುಕೊಳ್ಳುವವರು ಔಷಧಿಗೆ ಕೊಡುವ ಎಚ್ಚರಿಕೆಯನ್ನೇ ಅದಕ್ಕೂ ಕೊಡಬೇಕು. ನೆರೆಯವನಿಗೆ ಒಗ್ಗಿತು ಎಂಬುದು ನಮ್ಮ ಯಕೃತ್ತಿಗೆ ಹೊಣೆಯಾಗಲಾರದು. ಕಳೆ ಕೀಳುವಾಗ ಮೈ ನವೆಯೆದ್ದ ಆಳನ್ನು ನಾವು ಬದುವಿಗೆ ಕಳಿಸಿ ಕೂರಿಸುತ್ತೇವೆ. ಮನೆಯಲ್ಲಿ ಕಷಾಯ ಕುಡಿಯುವವರ ಕಣ್ಣು ಹಳದಿಯಾದಾಗಲೂ ಅಷ್ಟೇ ಬೇಗ ಲೋಟವನ್ನು ಕೆಳಗಿಡಿಸಬೇಕು.