ಅಭ್ಯಾಸವೆಂದರೇನು? – ಬರ್ನ್‌ಸ್ಟೈನರ ಶೋಧ

ಅಭ್ಯಾಸವೆಂದರೆ ಒಂದೇ ಚಲನೆಯನ್ನು ನೂರು ಸಲ ಮಾಡಿ ಮೈಯಲ್ಲಿ ಅಚ್ಚೊತ್ತಿಸುವುದು ಎಂದು ನಾವೆಲ್ಲ ನಂಬಿದ್ದೇವೆ. ‘ಹಾಡುತ್ತ ಹಾಡುತ್ತ ರಾಗ’ ಎಂಬ ಗಾದೆಗೂ ಇದೇ ಅರ್ಥವನ್ನು ಹಚ್ಚುವುದುಂಟು. ಇದು ಅರೆಸತ್ಯವೆಂದು ತೋರಿಸಿಕೊಟ್ಟ ರಷ್ಯದ ಶರೀರಶಾಸ್ತ್ರಜ್ಞ ನಿಕೊಲಾಯ್ ಬರ್ನ್‌ಸ್ಟೈನರ ವಿಷಯವನ್ನು ಇಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇನೆ.

1896ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಇವರು ವೈದ್ಯಪದವಿ ಪಡೆದು, 1922ರಲ್ಲಿ ಅಲ್ಲಿನ ಕೇಂದ್ರ ಶ್ರಮ ಸಂಸ್ಥೆಯನ್ನು ಸೇರಿದರು. ದುಡಿಮೆಯ ಅತ್ಯುತ್ತಮ ರೀತಿಯನ್ನು ಕಂಡುಹಿಡಿದು ಕಾರ್ಮಿಕರಿಗೆ ಕಲಿಸುವುದು ಆ ಸಂಸ್ಥೆಯ ಹಂಬಲ. ಪಳಗಿದ ಕೆಲಸಗಾರರ ಕೈಕೀಲುಗಳಿಗೂ ಸುತ್ತಿಗೆಗೂ ಪುಟ್ಟ ದೀಪಗಳನ್ನು ಕಟ್ಟಿ, ಅವುಗಳ ಜಾಡನ್ನು ಬರ್ನ್‌ಸ್ಟೈನರು ಛಾಯಾಚಿತ್ರದಲ್ಲಿ ಹಿಡಿದರು. ಕಂಡುದೇನು? ಸುತ್ತಿಗೆಯೇನೋ ಪ್ರತಿಸಲವೂ ಉಳಿಯ ತಲೆಯ ಮೇಲೆಯೇ ಬೀಳುತ್ತಿತ್ತು. ಆದರೆ ಭುಜ, ಮೊಣಕೈ, ಮಣಿಕಟ್ಟುಗಳ ಜಾಡು ಒಂದು ಪೆಟ್ಟಿನಲ್ಲಿದ್ದಂತೆ ಮತ್ತೊಂದರಲ್ಲಿ ಇರಲಿಲ್ಲ! ಒಂದು ಕೀಲು ಕೊಂಚ ಅತ್ತಿತ್ತಾದರೆ ಇನ್ನೊಂದು ಅದನ್ನು ಸರಿದೂಗಿಸುತ್ತಿತ್ತು. ಕುಲುಮೆಯ ಮುಂದೆ ದಿನವಿಡೀ ನಿಂತರೂ ನಮ್ಮ ಬರಿಗಣ್ಣಿಗೆ ಇದು ಕಾಣದು.

ಮುಂದೆ ನಡಿಗೆ, ಓಟ, ಪಿಯಾನೋ ವಾದನಗಳನ್ನೂ ಹೀಗೆಯೇ ಅಳೆದು ಅವರು ತಳೆದ ನಿಲುವು ಇದು: ಅಭ್ಯಾಸದಲ್ಲಿ ಮತ್ತೆ ಮತ್ತೆ ನಡೆಯಬೇಕಾದುದು ಉತ್ತರವನ್ನು ಒಪ್ಪಿಸುವುದಲ್ಲ, ಉತ್ತರವನ್ನು ಹುಡುಕುವುದು. ಲೆಕ್ಕವನ್ನು ಬಾಯಿಪಾಠ ಮಾಡಿದವನಿಗೂ ಬಿಡಿಸಿದವನಿಗೂ ಇರುವ ಅಂತರವಿದು. (ಪರೀಕ್ಷೆ ಸಮೀಪಿಸಿರುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ!) ಕಬಡ್ಡಿಯಲ್ಲಿ ಎದುರಾಳಿಯು ನಿನ್ನೆ ನಿಂತಲ್ಲಿಯೇ ಇಂದೂ ನಿಂತಿರುವನೆ?

ಸೈಕಲ್ ಕಲಿಯುವವನು ಮೊದಮೊದಲು ಮೈಯನ್ನೆಲ್ಲ ಬಿಗಿಹಿಡಿದು ಕೂರುವುದನ್ನು ನೋಡಿ ನಗುತ್ತೇವೆ. ಬರ್ನ್‌ಸ್ಟೈನರ ಪ್ರಕಾರ ಅದು ದಡ್ಡತನವಲ್ಲ. ಅಷ್ಟು ಕೀಲುಗಳ ಚಲನೆಯನ್ನು ಒಮ್ಮೆಲೇ ಆಳಲಾರದೆ ಅವನು ಕೆಲವನ್ನು ಕಟ್ಟಿಹಾಕಿರುತ್ತಾನೆ; ಕಲಿತಂತೆಲ್ಲ ಕಟ್ಟು ತಾನಾಗಿ ಸಡಿಲುತ್ತದೆ. ಕಲಿಯುವವನ ಬಗೆಗೆ ಇಷ್ಟು ಮರ್ಯಾದೆ ತೋರುವ ಸಿದ್ಧಾಂತವನ್ನು ನಾನು ಬೇರೆಡೆ ಓದಿಲ್ಲ.

ಚಲನೆಗಳ ರಚನೆಯನ್ನು ಕುರಿತ ಅವರ ಗ್ರಂಥ 1947ರಲ್ಲಿ ಪ್ರಕಟವಾಗಿ, ಮರುವರ್ಷ ಸ್ಟಾಲಿನ್ ಪಾರಿತೋಷಕವನ್ನು ಗಳಿಸಿತು. ಆದರೆ ಪಾವ್ಲೋವರ ಪ್ರತಿವರ್ತನ ಸಿದ್ಧಾಂತವನ್ನು ಅವರು ಒಪ್ಪಿರಲಿಲ್ಲ. ಆ ಸಿದ್ಧಾಂತವೇ ಸರಕಾರದ ಮತವಾದಾಗ, ಕೆಲವೇ ವರ್ಷಗಳಲ್ಲಿ, ಅವರ ಪ್ರಯೋಗಾಲಯ ಕೈತಪ್ಪಿತು. ಮೈಚಳಕವನ್ನು ಕುರಿತು ಸಾಮಾನ್ಯ ಓದುಗರಿಗಾಗಿ ಬರೆದಿದ್ದ ಪುಸ್ತಕದ ಮುದ್ರಣವೂ ನಿಂತುಹೋಯಿತು. ಅವರು 1966ರಲ್ಲಿ ತೀರಿಕೊಂಡರು. ಮರುವರ್ಷವೇ ಅವರ ಲೇಖನಗಳ ಸಂಗ್ರಹವೊಂದು ಇಂಗ್ಲಿಷಿನಲ್ಲಿ ಬಂದಿತು. ಅಚ್ಚಿನಮನೆಯಲ್ಲಿ ನಿಂತಿದ್ದ ಆ ಪುಸ್ತಕವು ರಷ್ಯದ ಓದುಗರ ಕೈಸೇರಿದುದು 1991ರಲ್ಲಿ.