ಗಣಕದ ಕರೆಗೆ ಉತ್ತರವೇಕೆ ಬರಲಿಲ್ಲ?

ಕಾಲೇಜಿನ ಪ್ರಯೋಗಶಾಲೆಯೊಂದರಲ್ಲಿ ವರ್ಷವಿಡೀ ತೆಗೆದ ಅಳತೆಗಳೆಲ್ಲ ಒಂದೇ ಗಣಕಯಂತ್ರದಲ್ಲಿವೆ ಎನ್ನೋಣ. ಅದರ ಡಿಸ್ಕು ಕೆಟ್ಟರೆ ವರ್ಷದ ದುಡಿಮೆ ಮಣ್ಣುಪಾಲು. ಆದುದರಿಂದಲೇ ರಾತ್ರಿಯ ಹೊತ್ತು ಆ ಕಡತಗಳ ಪ್ರತಿಯನ್ನು ಬ್ಯಾಕಪ್ ಸರ್ವರ್ ಎಂಬ ಬೇರೊಂದು ಯಂತ್ರದಲ್ಲಿ ತೆಗೆದಿಡುವ ಪದ್ಧತಿಯುಂಟು. ಒಂದು ಬೆಳಗ್ಗೆ ನೋಡಿದರೆ ಪ್ರತಿಯಿಲ್ಲ. ಸಂಪರ್ಕ ದೊರೆಯಲಿಲ್ಲವೆಂಬ ಒಕ್ಕಣೆ ಮಾತ್ರ ಇದೆ. ದೋಷವನ್ನು ಹುಡುಕುವುದೆಲ್ಲಿ?

ಮೊದಲು ಎಲ್ಲರೂ ಮಾಡುವುದು ‘ಪಿಂಗ್’ ಪರೀಕ್ಷೆ. 1983ರಲ್ಲಿ ಅಮೆರಿಕದ ಮೈಕ್ ಮೂಸ್ ಎಂಬವರು ರಚಿಸಿದ ಈ ಪುಟ್ಟ ಪ್ರೋಗ್ರಾಂ ಇನ್ನೊಂದು ಯಂತ್ರವನ್ನು ಕೂಗಿ ಮರುದನಿಗಾಗಿ ಕಾಯುತ್ತದೆ. ಮರುದನಿ ಬಂದರೆ ದಾರಿ ತೆರೆದಿದೆಯೆಂದಷ್ಟೇ ಅರ್ಥ. ಬ್ಯಾಕಪ್ ಕೆಲಸ ನಡೆಯುವುದು ಪೋರ್ಟ್ ಎಂಬ, ಸಂಖ್ಯೆ ಹೊತ್ತ ಬಾಗಿಲುಗಳಲ್ಲಿ. ಪಿಂಗ್ ಅಂಥ ಯಾವ ಬಾಗಿಲನ್ನೂ ತಟ್ಟುವುದಿಲ್ಲ.

ಬಾಗಿಲನ್ನು ತಟ್ಟಿದಾಗ ಒಡನೆಯೇ ನಿರಾಕರಣೆ ಬಂದರೆ, ಅಲ್ಲಿ ಓಗೊಡಬೇಕಾದ ಪ್ರೋಗ್ರಾಂ ಬಹುಶಃ ಓಡುತ್ತಿಲ್ಲ. ಬಹಳ ಹೊತ್ತು ಕಾದರೂ ಮೌನವೇ ಆದರೆ, ನಡುವಣ ಫೈರ್‌ವಾಲ್ ಕರೆಯನ್ನು ಸದ್ದಿಲ್ಲದೆ ನುಂಗುತ್ತಿದೆಯೇ ಎಂದು ಶಂಕಿಸಬೇಕು.

ಇನ್ನೊಂದು ದೋಷ ಇವೆರಡಕ್ಕಿಂತಲೂ ಸ್ವಾರಸ್ಯವಾದುದು. ಬಾಕುಲಾ ಎಂಬ ಬ್ಯಾಕಪ್ ವ್ಯವಸ್ಥೆಯಲ್ಲಿ ಮೂರು ಪಾತ್ರಗಳು: ಅಪ್ಪಣೆ ಕೊಡುವ ಡೈರೆಕ್ಟರ್, ಕಡತಗಳಿರುವ ಕ್ಲೈಂಟ್, ಪ್ರತಿಯನ್ನು ಬರೆದಿಡುವ ಉಗ್ರಾಣ. ಡೈರೆಕ್ಟರ್ ಕ್ಲೈಂಟನ್ನು 9102ನೆಯ ಪೋರ್ಟಿನಲ್ಲಿ, ಉಗ್ರಾಣವನ್ನು 9103ರಲ್ಲಿ ಕರೆಯುತ್ತದೆ. ಆದರೆ ಕಡತಗಳು ಅದರ ಕೈಯಿಂದ ಹಾದುಹೋಗುವುದಿಲ್ಲ. ಉಗ್ರಾಣದ ವಿಳಾಸವನ್ನು ಅದು ಕ್ಲೈಂಟಿಗೆ ತಿಳಿಸುತ್ತದೆ. ಆಮೇಲೆ ಕ್ಲೈಂಟೇ 9103ಕ್ಕೆ ಕರೆ ಕೊಡಬೇಕು. ಡೈರೆಕ್ಟರೂ ಉಗ್ರಾಣವೂ ಒಂದೇ ಯಂತ್ರದಲ್ಲಿದ್ದರೆ, ನೋಡಿಕೊಳ್ಳುವವರು ವಿಳಾಸದ ಜಾಗದಲ್ಲಿ ‘ಲೋಕಲ್‌ಹೋಸ್ಟ್’ ಎಂದು ಬರೆದುಬಿಡುವುದುಂಟು. ಅದಕ್ಕೆ ‘ಈ ಯಂತ್ರವೇ’ ಎಂದರ್ಥ, ಅಂಕಿಯಲ್ಲಿ 127.0.0.1. ಡೈರೆಕ್ಟರಿಗೆ ಅದು ಸರಿಯೇ. ಅದೇ ಮಾತನ್ನು ಕ್ಲೈಂಟ್ ಕೇಳಿದಾಗ? ‘ನಮ್ಮ ಮನೆ’ ಎಂದರೆ ಆಡಿದವನಿಗೊಂದು ಮನೆ, ಕೇಳಿದವನು ತಾನೂ ಹಾಗೆಂದರೆ ಇನ್ನೊಂದು ಮನೆ. ಪಾಪ, ಕ್ಲೈಂಟ್ ತನ್ನ ಬಾಗಿಲನ್ನು ತಾನೇ ತಟ್ಟಿಕೊಂಡು, ಉಗ್ರಾಣ ಸಿಗಲಿಲ್ಲವೆಂದು ವರದಿ ಮಾಡುತ್ತದೆ!

ಆಗ ಸರ್ವರಿನ ಮುಂದೆ ಕುಳಿತು ಎಷ್ಟು ಪರೀಕ್ಷಿಸಿದರೂ ಎಲ್ಲವೂ ನೆಟ್ಟಗೆಯೇ ಕಾಣುವುದು. ಎದ್ದು ಪ್ರಯೋಗಶಾಲೆಗೆ ಹೋಗಿ, ಕ್ಲೈಂಟಿನಿಂದಲೇ, ಡೈರೆಕ್ಟರ್ ಕೊಟ್ಟ ವಿಳಾಸವನ್ನೇ ಹಿಡಿದು, ಟೆಲ್ನೆಟ್‌ನಿಂದ 9103ನ್ನು ತಟ್ಟಬೇಕು. ಅಲ್ಲಿ ಉತ್ತರ ಬಾರದೆ, ಸರ್ವರಿನ ನಿಜವಾದ ವಿಳಾಸಕ್ಕೆ ತಟ್ಟಿದಾಗ ಬಂದರೆ ದೋಷ ಸಿಕ್ಕಿದಂತೆಯೇ. ವಿಳಾಸವನ್ನು ತಿದ್ದಿ, ಡೈರೆಕ್ಟರ್ ಅದನ್ನು ಪುನಃ ಓದುವಂತೆ ಮಾಡಿದ ಬಳಿಕ, ಸಣ್ಣದೊಂದು ಕಡತದ ಪ್ರತಿ ತೆಗೆದು, ಅದನ್ನು ಉಗ್ರಾಣದಿಂದ ಹಿಂದಕ್ಕೆ ಪಡೆದು ತೆರೆದು ನೋಡತಕ್ಕದ್ದು.