ಇಷ್ಟದ ಕೆಲಸಕ್ಕೆ ತಿಂಗಳಿಗೆ 45,900 ರೂಪಾಯಿ

ಕೈತುಂಬ ಸಂಬಳದ ನೌಕರಿ ಬಿಟ್ಟು ಮನಸ್ಸಿಗೊಪ್ಪುವ ಕೆಲಸ ಹಿಡಿದವರ ಕತೆಗಳಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಆ ಕತೆಗಳಲ್ಲಿ ಪಾಸ್‌ಬುಕ್ ಕಾಣಿಸುವುದೇ ಇಲ್ಲ. ಗಿರೀಶ ಕಾರ್ನಾಡರು 1970ರಲ್ಲಿ ಮದ್ರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಕೆಲಸ ಬಿಟ್ಟು ಬರವಣಿಗೆಗೆ ನಿಂತದ್ದನ್ನು ಎಲ್ಲರೂ ಹೇಳುತ್ತಾರೆ. 1970ರಿಂದ 72ರವರೆಗೆ ಅವರಿಗೆ ಹೋಮಿ ಭಾಭಾ ಫೆಲೋಶಿಪ್ ಇತ್ತೆಂದು ಹೇಳುವವರು ಕಡಿಮೆ. ಧೈರ್ಯ ಇತ್ತು, ಸರಿ. ಎರಡು ವರ್ಷ ಒಲೆ ಹೊತ್ತಿಸುವ ದಾರಿಯೂ ಇತ್ತು. ಹಣಕಾಸಿನ ಅಂಕಣಕ್ಕೆ ಬೇಕಾದದ್ದು ಈ ಎರಡನೆಯ ಸಂಗತಿ.

ಈ ಅಂಕಣಕಾರನಿಗೆ ಯಾವ ಫೆಲೋಶಿಪ್ಪೂ ಇರಲಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ತಿಂಗಳಿಗೆ 1,10,000 ರೂಪಾಯಿ ಕೈಗೆ ಬರುತ್ತಿತ್ತು. ಅದನ್ನು ಬಿಟ್ಟು ಶಿವಮೊಗ್ಗದ ಖಾಸಗಿ ಪಿಯು ಕಾಲೇಜಿನಲ್ಲಿ ಗಣಿತ ಕಲಿಸಲು ಸೇರಿದಾಗ ಅದು 42,000ಕ್ಕೆ ಇಳಿಯಿತು. ‘ತಲೆ ನೆಟ್ಟಗಿದೆಯಾ?’ ಎಂದರು ಮಾವನವರು. ನ್ಯಾಯವಾದ ಪ್ರಶ್ನೆ. ಉತ್ತರ ಕೊಡಲು ಅವನು ಕಾಗದ ಪೆನ್ನು ತೆಗೆದುಕೊಂಡ.

ಮೇಲ್ನೋಟದ ನಷ್ಟ 68,000. ಆದರೆ ಬೆಂಗಳೂರಿನ ಬಾಡಿಗೆ 32,000, ಶಿವಮೊಗ್ಗದ್ದು 11,000. ಅಲ್ಲೇ 21,000 ಉಳಿಯಿತು. ಕ್ಯಾಬು, ಹೊರಗಿನ ಊಟ, ಶನಿವಾರ ಬಂದರೆ ಮಾಲ್ ಸುತ್ತಾಟ ಇವುಗಳಲ್ಲಿ 14,000 ಕಡಿಮೆಯಾಯಿತು. ಉಳಿದ ಕೊರತೆ 33,000. ಹೆಚ್ಚಿನವರು ಇಲ್ಲಿಗೇ ಲೆಕ್ಕ ನಿಲ್ಲಿಸಿ ಸಿಹಿ ಹಂಚುತ್ತಾರೆ. ಪೇ ಸ್ಲಿಪ್ಪಿನ ಕೆಳಗಿನ ಸಾಲುಗಳನ್ನು ಓದುವುದಿಲ್ಲ.

ಹಳೆಯ ಬೇಸಿಕ್ 50,000. ಪಿಎಫ್‌ಗೆ ಅವನ ಪಾಲು ಶೇ. 12, ಕಂಪನಿಯದೂ ಅಷ್ಟೇ, ಒಟ್ಟು 12,000. ಕಾಲೇಜು ಕಟ್ಟುವುದು 15,000ದ ಮಿತಿಗೆ ಮಾತ್ರ: 1,800 ಮತ್ತು 1,800, ಒಟ್ಟು 3,600. ಹೀಗೆ ತಿಂಗಳಿಗೆ 8,400 ಸದ್ದಿಲ್ಲದೆ ಸೋರಿತು. ಕಂಪನಿಯ ಗುಂಪು ವಿಮೆಯಲ್ಲಿ ಅಪ್ಪ ಅಮ್ಮ ಇಬ್ಬರೂ ಇದ್ದರು. ಈಗ ಅವರ ಪ್ರೀಮಿಯಂ ವರ್ಷಕ್ಕೆ 54,000, ಅಂದರೆ ತಿಂಗಳಿಗೆ 4,500. (ಗುಂಪು ಪಾಲಿಸಿಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಲು ಕೆಲಸ ಬಿಡುವ ಮೊದಲೇ ಅರ್ಜಿ ಕೊಡಿ. ಕಾಯುವ ಅವಧಿ ಮತ್ತೆ ಸೊನ್ನೆಯಿಂದ ಶುರುವಾಗುವುದು ತಪ್ಪುತ್ತದೆ.) 33,000, 8,400, 4,500 ಕೂಡಿದರೆ 45,900. ವರ್ಷಕ್ಕೆ 5,50,800.

ಇಷ್ಟದ ಕೆಲಸಕ್ಕೆ ಅವನು ತೆರುತ್ತಿರುವ ಬೆಲೆ ಅದು. ಇದನ್ನೇ ಶೇ. 12ರ ಹಾಗೆ ಇಪ್ಪತ್ತು ವರ್ಷ ಬೆಳೆಸಿ ಕೋಟಿಗಟ್ಟಲೆ ನಷ್ಟ ತೋರಿಸುವ ಕ್ಯಾಲ್ಕುಲೇಟರುಗಳಿವೆ. ಆ ಇಪ್ಪತ್ತು ವರ್ಷವೂ ಕಂಪನಿ ಅವನನ್ನು ಇಟ್ಟುಕೊಳ್ಳುತ್ತದೆ, ಅವನು ಒಂದು ಪೈಸೆಯನ್ನೂ ಪೋಲು ಮಾಡುವುದಿಲ್ಲ ಎಂದು ಅವು ಹೇಗೆ ನಂಬುತ್ತವೋ! ರಾತ್ರಿ ಹನ್ನೊಂದರ ಕಾಲ್‌ಗಳಿಲ್ಲದ, ಇಂಟಿಗ್ರೇಷನ್ ಎಂದರೆ ಹೆದರುತ್ತಿದ್ದ ಹುಡುಗಿ ತಾನೇ ಬೋರ್ಡಿಗೆ ಬಂದು ಲೆಕ್ಕ ಬಿಡಿಸುವ ಬದುಕಿಗೆ ಆ ಬೆಲೆ ಹೆಚ್ಚಲ್ಲವೆಂದು ಅವನ ತೀರ್ಮಾನ. ಮಾವನವರು ಇನ್ನೂ ಒಪ್ಪಿಲ್ಲ.

ಒಂದು ವಿಷಯದಲ್ಲಿ ಅವನು ಆತುರಪಡಲಿಲ್ಲ. ಐದು ವರ್ಷ ತುಂಬುವ ಮೊದಲು ಬಿಟ್ಟಿದ್ದರೆ ಗ್ರಾಚ್ಯುಟಿ ಕೈತಪ್ಪುತ್ತಿತ್ತು. ತುಂಬಿದ ಮೇಲೆ ಬಿಟ್ಟದ್ದರಿಂದ 50,000ದ 26ರಲ್ಲಿ 15 ಭಾಗ, ಅದರ ಐದು ಪಟ್ಟು, ಅಂದರೆ 1,44,231 ರೂಪಾಯಿ ಬಂತು. ಕಾರ್ನಾಡರ ಫೆಲೋಶಿಪ್ಪಿನ ಬಡ ತಮ್ಮ ಎನ್ನಿ.

ಇಂಥ ದುಡ್ಡಿನ ವಾಸನೆ ಏಜೆಂಟರಿಗೆ ಹೇಗೆ ಹತ್ತುತ್ತದೋ ದೇವರೇ ಬಲ್ಲ. ಪಿಎಫ್ ಬಿಡಿಸಿ ‘ಗ್ಯಾರಂಟೀಡ್ ಇನ್‌ಕಮ್’ ಪಾಲಿಸಿಗೆ ಹಾಕಿ ಎಂದು ಒಬ್ಬರು ಮನೆಗೇ ಬಂದರು. ವರ್ಷಕ್ಕೆ ಒಂದು ಲಕ್ಷದಂತೆ ಹತ್ತು ವರ್ಷ ಕಟ್ಟಬೇಕು. ಅವರು ಕೊಟ್ಟ ಪಟ್ಟಿಯನ್ನೇ ಎಕ್ಸೆಲ್‌ಗೆ ಹಾಕಿ ಐಆರ್‌ಆರ್ ತೆಗೆದರೆ ಶೇ. 5.4. ಪಿಎಫ್ ಬಡ್ಡಿ 2023-24ರಲ್ಲಿ ಶೇ. 8.25. ಸಂಬಳ ಅರ್ಧಕ್ಕಿಂತ ಕೆಳಗಿಳಿದವನ ಕುತ್ತಿಗೆಗೆ ಹತ್ತು ವರ್ಷದ ಪ್ರೀಮಿಯಂ ಕಟ್ಟುವುದು ಸಲಹೆಯಲ್ಲ, ಸುಲಿಗೆ. ಕಾಫಿ ಕೊಟ್ಟು ಕಳಿಸಿದ್ದಾಯಿತು. ಪಿಎಫ್ ಹೊಸ ಖಾತೆಗೆ ವರ್ಗವಾಯಿತು.

ಕೆಲಸ ಬದಲಿಸುವ ಯೋಚನೆಯಲ್ಲಿರುವ ಓದುಗರೇ, ಮುಂದಿನ ಸಂಬಳ ಬಂದ ದಿನವೇ ಹೊಸ ಸಂಬಳಕ್ಕಿಂತ ಹೆಚ್ಚಿರುವಷ್ಟನ್ನೂ ಆರ್‌ಡಿಗೆ ಹಾಕಿಬಿಡಿ. ಉಳಿದದ್ದರಲ್ಲಿ ಆರು ತಿಂಗಳು ಸಂಸಾರ ನಡೆಸಿ. ದೊಡ್ಡ ಊರಿನ ಬಾಡಿಗೆಯ ವ್ಯತ್ಯಾಸವನ್ನು ಮಾತ್ರ ಬಿಟ್ಟುಕೊಳ್ಳಿ. ಕ್ರೆಡಿಟ್ ಕಾರ್ಡನ್ನು ಮನೆಯವರ ಕೈಗೆ ಕೊಟ್ಟಿಡಿ. ನಡುವೆ ಆರ್‌ಡಿ ಮುರಿಯಬೇಕಾಗಿ ಬಂದರೆ ರಾಜೀನಾಮೆ ಪತ್ರ ಇನ್ನೊಂದು ವರ್ಷ ಕಾಯಲಿ.